ರಾಮದೇವರ ಬೆಟ್ಟಕ್ಕೆ ಯಾವ ಬೈನಾಕ್ಯುಲರ್?

ರಾಮನಗರದ ರಾಮದೇವರ ಬೆಟ್ಟ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಕಡಿದಾದ ಬಂಡೆ. 2012ರಿಂದ ಇದು ರಣಹದ್ದು ಧಾಮ. ಹತ್ತಿರ ಹೋಗುವಂತಿಲ್ಲ. ಮತ್ತೆ ನೋಡೋದು ಹೇಗೆ?

ಬೈನಾಕ್ಯುಲರ್ ಮೇಲಿನ ಅಂಕಿ ನೋಡಿ: 8 ಇಂಟು 42. ಎಂಟು ಅಂದ್ರೆ ಪವರ್: ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತೆ. 42 ಅಂದ್ರೆ ಮುಂದಿನ ಲೆನ್ಸ್‌ನ ಅಗಲ, ಮಿಲಿಮೀಟರ್‌ನಲ್ಲಿ. ಲೆನ್ಸ್ ಅಗಲವಾದಷ್ಟೂ ಬೆಳಕು ಹೆಚ್ಚು.

ಪವರ್ ಜಾಸ್ತಿ ಇದ್ರೆ ಒಳ್ಳೇದಲ್ವಾ? ಯಾವಾಗಲೂ ಅಲ್ಲ. ಪವರ್ ಏರಿದಂತೆ ಕೈನಡುಕವೂ ದೊಡ್ಡದಾಗಿ ಕಾಣುತ್ತೆ, ನೋಟದ ಹರವು ಕಿರಿದಾಗುತ್ತೆ. ಹಾರುವ ಹಕ್ಕಿ ತಪ್ಪಿಹೋಗುತ್ತೆ.

ಮೊದಲ ಸಲ ಕೊಳ್ಳೋರಿಗೆ 8 ಇಂಟು 42 ಸಾಕು. ಕೈ ಸ್ಥಿರವಾಗಿದ್ರೆ 10 ಇಂಟು 42. ದೂರದ ಗೂಡು ನೋಡೋಕೆ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ), ಜೊತೆಗೆ ಟ್ರೈಪಾಡ್. ಕನ್ನಡಕ ಹಾಕ್ತೀರಾ? ಐ ರಿಲೀಫ್, ಅಂದ್ರೆ ಪೂರ್ತಿ ನೋಟ ಕಾಣಲು ಕಣ್ಣಿಗೂ ಹಿಂದಿನ ಲೆನ್ಸ್‌ಗೂ ನಡುವೆ ಇರಬಹುದಾದ ದೂರ, 15 ಮಿಲಿಮೀಟರ್‌ಗಿಂತ ಹೆಚ್ಚಿರಲಿ.

ಬೆಳಿಗ್ಗೆಯೇ ನೋಡಿ. ಬಿಸಿಲೇರಿದ್ರೆ ಬಂಡೆಯ ಕಾವಿಗೆ ಗಾಳಿ ಅಲುಗಾಡಿ ಚಿತ್ರ ಮಸುಕಾಗುತ್ತೆ.

ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು, ಸತ್ತ ದನ ತಿನ್ನುವ ರಣಹದ್ದುಗಳನ್ನು ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಆ ಬಳಕೆಗೆ ನಿಷೇಧ ಬಂತು. ಉಳಿದಿರುವ ಈ ಹಕ್ಕಿಗಳನ್ನು ದೂರದಿಂದಲೇ ನೋಡಿ, ಗೂಡಿನ ತಂಟೆಗೆ ಹೋಗಬೇಡಿ.