ಹಂಪೆಯ ರಥ, ಹರಿಗೋಲು, ಹೇರೆತ್ತು

ಹಳೆಯ ಮೋಟಾರು ಕಾರುಗಳನ್ನು ಕೂಡಿಟ್ಟು ಜನರಿಗೆ ತೋರಿಸುವ ಸಂಗ್ರಹಾಲಯಗಳು ಈಗ ನಮ್ಮ ನಾಡಿನಲ್ಲಿಯೂ ಇವೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಸಂಗ್ರಹ ಹೆಸರುವಾಸಿಯಾದುದು. ಶ್ರೀರಂಗಪಟ್ಟಣದ ಸಮೀಪದ 'ಪಯಣ'ವೂ ಅದೇ ಆಸಕ್ತಿಯ ಫಲ. ತಿಕ್ಕಿ ತೊಳೆದು ಹೊಳಪು ಬರಿಸಿದ ಅಂಥ ಕಾರುಗಳನ್ನು ಕಂಡಾಗಲೆಲ್ಲ ಹೊಸಪೇಟೆಯ ಕಡೆಯವನಾದ ನನಗೆ ನಮ್ಮ ಹಂಪೆಯೂ ಒಂದು ವಾಹನ ಸಂಗ್ರಹಾಲಯವೇ ಅಲ್ಲವೇ ಎನ್ನಿಸುತ್ತದೆ. ಅದಕ್ಕೆ ಗೋಡೆಯಿಲ್ಲ, ಚಾವಣಿಯಿಲ್ಲ, ಅಷ್ಟೆ.

ಅಲ್ಲಿಯ ಮೊದಲ ವಾಹನ ಯಾವುದೆಂದು ಹೇಳಬೇಕಾಗಿಯೇ ಇಲ್ಲ. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ಹಂಪೆಗೆ ಹೋಗದವರೂ ಬಲ್ಲರು. 2017ರಲ್ಲಿ ಬಂದ ನೀಲಿ ಬಣ್ಣದ ಐವತ್ತು ರೂಪಾಯಿಯ ನೋಟಿನ ಬೆನ್ನಿನ ಮೇಲೆ ಅದರ ಚಿತ್ರವಿದೆ. ಆದರೆ ಇಷ್ಟು ಪರಿಚಿತವಾದ ವಸ್ತುವನ್ನೇ ನಾವು ಸರಿಯಾಗಿ ನೋಡಿರುವುದಿಲ್ಲ. ಅದು ಏಕಶಿಲೆಯದೆಂದು ಬಹುಮಂದಿ ನಂಬಿದ್ದಾರೆ. ನಿಜಕ್ಕೂ ಅದು ಹಲವು ಕಲ್ಲುಗಳನ್ನು ಕೂಡಿಸಿ ಕಟ್ಟಿದ್ದು. ಸಂದುಗಳು ಕಾಣದಂತೆ ಶಿಲ್ಪಿ ಕೆತ್ತನೆಯಲ್ಲಿ ಮುಚ್ಚಿದ್ದಾನೆ. ಅದು ತೇರಿನ ಆಕಾರದ ಗುಡಿ. ವಿಷ್ಣುವಿನ ವಾಹನನಾದ ಗರುಡನಿಗೆಂದು ಒಡೆಯನ ಗರ್ಭಗುಡಿಗೆ ಎದುರಾಗಿ ಕಟ್ಟಿದ ಗುಡಿ. ವಾಹನಕ್ಕೇ ಒಂದು ವಾಹನ! ಈ ಕಲ್ಪನೆಯ ಚೆಲುವು ಶಿಲ್ಪದ ಚೆಲುವಿಗಿಂತ ಕಡಿಮೆಯದೇನಲ್ಲ.

ರಥವನ್ನು ಎಳೆಯುತ್ತಿರುವಂತೆ ತೋರುವ ಎರಡು ಆನೆಗಳನ್ನು ಗಮನಿಸಿ. ಅವುಗಳ ಅಳತೆ ರಥಕ್ಕೆ ಹೊಂದುವುದಿಲ್ಲ. ಅವುಗಳ ಹಿಂದೆ ಬಾಗಿ ನೋಡಿದರೆ ಕುದುರೆಗಳ ಹಿಂಗಾಲಿನ, ಬಾಲದ ಗುರುತುಗಳು ಕಾಣುತ್ತವೆ. ಮೊದಲು ಅಲ್ಲಿದ್ದವು ಕುದುರೆಗಳು. ಅವು ಭಗ್ನವಾದ ಮೇಲೆ ಬೇರೆಡೆಯ ಆನೆಗಳನ್ನು ತಂದು ನಿಲ್ಲಿಸಿದ್ದಾರೆ. ಇನ್ನು ತಲೆಯ ಮೇಲೆ ನೋಡಿದರೆ ಬರಿಯ ಬಯಲು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅದನ್ನು ಆಮೇಲೆ ತೆಗೆದುಹಾಕಿದರು. ನಾಲ್ಕು ಗಾಲಿಗಳನ್ನಾದರೋ ಬಿಡಿಯಾಗಿ ಕೆತ್ತಿ ಕಲ್ಲಿನ ಅಚ್ಚಿಗೆ ಸೇರಿಸಿದ್ದರಿಂದ ಅವು ತಿರುಗುತ್ತಿದ್ದವು. ನೋಡಬಂದವರು ಅವನ್ನು ತಿರುಗಿಸಿ ಪುಣ್ಯವನ್ನೋ ವಿನೋದವನ್ನೋ ಪಡೆಯುತ್ತಿದ್ದರು. ಕಲ್ಲು ಸವೆಯಿತು, ಗಾರೆ ತುಂಬಿ ಗಾಲಿಗಳನ್ನು ನಿಲ್ಲಿಸಿಬಿಟ್ಟರು. ಹೀಗೆ ಕುದುರೆ ಹೋಗಿ ಆನೆ ಬಂದ, ಶಿಖರ ಕಳೆದುಕೊಂಡ, ಗಾಲಿ ಬಿಗಿದ ಈ ರಥವನ್ನೇ ನಾವು 'ಇದ್ದ ಹಾಗೆಯೇ ಉಳಿದ' ವಿಜಯನಗರ ಎಂದು ಹೊಗಳುತ್ತೇವೆ. ಗಾಲಿ ನಿಲ್ಲಿಸಿದ್ದನ್ನು ನಾನು ಆಕ್ಷೇಪಿಸಲಾರೆ. ನಿಲ್ಲಿಸದಿದ್ದರೆ ಅದು ಉಳಿಯುತ್ತಿರಲಿಲ್ಲ.

ಆದರೆ ಉಳಿಸುವುದಕ್ಕೆ ಇನ್ನೊಂದು ದಾರಿಯೂ ಉಂಟೆಂಬುದನ್ನು ಹಂಪೆಯೇ ತೋರಿಸುತ್ತದೆ. ಚೈತ್ರಮಾಸದಲ್ಲಿ ವಿರೂಪಾಕ್ಷನ ಜಾತ್ರೆಯ ದಿನ ರಥಬೀದಿಯಲ್ಲಿ ಎರಡು ಮರದ ತೇರುಗಳು ಹೊರಡುತ್ತವೆ. ದೊಡ್ಡದು ವಿರೂಪಾಕ್ಷನದು, ಚಿಕ್ಕದು ಪಂಪಾದೇವಿಯದು. ಗೋಪುರದಿಂದ ಎದುರು ಬಸವಣ್ಣನ ಕಡೆಗೆ ಸಾಗುವ ಆ ಬೀದಿ ಅಷ್ಟು ಅಗಲವಾಗಿರುವುದೇ ತೇರಿಗಾಗಿ. ಮರದ ತೇರಿನ ಗಾಲಿ ಸವೆಯುತ್ತದೆ, ಅಚ್ಚು ಮುರಿಯುತ್ತದೆ, ಬಡಗಿ ಬಂದು ಬೇರೆ ಮರ ಹಾಕುತ್ತಾನೆ. ಯಾವ ತೊಲೆ ಯಾವ ಕಾಲದ್ದೆಂದು ಕೇಳಿದರೆ ಉತ್ತರವಿಲ್ಲ. ಆದರೂ ಅದು ಅದೇ ತೇರು. ಕಾರುಗಳ ವಿಷಯದಲ್ಲಿಯೂ ಇದೇ ವಾದ ನಡೆಯುವುದುಂಟು: ಹಳೆಯ ಬಿಡಿಭಾಗಗಳನ್ನೇ ಇಟ್ಟುಕೊಂಡು ನಿಲ್ಲಿಸಿಡಬೇಕೋ, ಹೊಸವನ್ನು ಜೋಡಿಸಿಯಾದರೂ ಓಡಿಸಬೇಕೋ? ಹಂಪೆಯಲ್ಲಿ ಎರಡು ಪಕ್ಷಕ್ಕೂ ಸಾಕ್ಷಿ ಸಿಗುತ್ತದೆ, ಅದೂ ಒಂದೆರಡು ಮೈಲಿಗಳ ಅಂತರದಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒಪ್ಪಲೇಬೇಕು. ವಿಜಯನಗರವನ್ನು ಹೊತ್ತು ನಡೆಸಿದ್ದು ರಥವಲ್ಲ. ರಥ ದೇವರಿಗೆ, ಅರಸನಿಗೆ ಆನೆ, ಕುದುರೆ, ಪಲ್ಲಕ್ಕಿ. ಆನೆಯ ಲಾಯವೆಂದು ಕರೆಯುವ ಹನ್ನೊಂದು ಅಂಕಣಗಳ ಕಟ್ಟಡವನ್ನೂ ಮಹಾನವಮಿ ದಿಬ್ಬದ ಕುದುರೆಯ ಸಾಲುಗಳನ್ನೂ ನೀವು ನೋಡಿರಬಹುದು. ರಾಯನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ. ಸಂಖ್ಯೆ ದೊಡ್ಡದಾಯಿತೆನಿಸಿದರೂ, ಅರಬ್ಬೀ ಕುದುರೆಗಾಗಿ ಈ ರಾಜ್ಯ ಕಡಲ ದಾರಿಯನ್ನೇ ನೆಚ್ಚಿತ್ತೆಂಬುದು ನಿರ್ವಿವಾದ. ಪಶ್ಚಿಮದಿಂದ ಬರುವ ಆ ದಾರಿಯ ಮೇಲೆಯೇ ಕೃಷ್ಣದೇವರಾಯ ನಾಗಲಾಪುರವನ್ನು ಕಟ್ಟಿಸಿದ. ಅದೇ ನಮ್ಮ ಹೊಸಪೇಟೆ. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ.

ಸರಕನ್ನು ಹೊತ್ತದ್ದು ಹೇರೆತ್ತು. ಭಟ್ಕಳದ ರೇವಿಗೆ ವರ್ಷವರ್ಷವೂ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವೆಂದು ಪಾಯೆಸ್ ಹೇಳುತ್ತಾನೆ. ಘಟ್ಟದ ಕಡಿದಾದ ದಾರಿಯಲ್ಲಿ ಬಂಡಿ ಹೋಗದ ಕಡೆಗೂ ಎತ್ತು ಹೋಗುತ್ತದೆ. ಹೀಗೆ ಹೇರು ಹೊಡೆದು ಬದುಕಿದವರಲ್ಲಿ ಲಂಬಾಣಿಗಳು ಮುಖ್ಯರು. ರೈಲು, ರಸ್ತೆಗಳು ಬಂದು ಅವರ ಕಸುಬು ಹೋಯಿತು. ಸಂಡೂರಿನ ಸುತ್ತಿನ ತಾಂಡಾಗಳ ಹೆಂಗಸರ ಕಸೂತಿ ಇಂದು ದೇಶಾಂತರದಲ್ಲಿ ಹೆಸರು ಪಡೆದಿದೆ. ಆ ಬಟ್ಟೆಯ ಹಿಂದೆ ಒಂದು ಸಾರಿಗೆಯ ಚರಿತ್ರೆಯಿದೆಯೆಂಬುದನ್ನು ಕೊಳ್ಳುವವರು ಅರಿಯರು. ಅದೇ ಸಂಡೂರಿನ ಗುಡ್ಡಗಳಿಂದ ಆಮೇಲೆ ಅದಿರಿನ ಲಾರಿಗಳು ಇಳಿದವು. ರಸ್ತೆ, ಮರ, ಮನೆಯ ಹೆಂಚು ಎಲ್ಲವೂ ಕೆಂಪಾದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ನಿಂತ ವಾಹನವೆಲ್ಲ ಸಂಗ್ರಹಾಲಯದ ವಸ್ತುವಾಗುವುದಿಲ್ಲ. ಕಂತು ಕಟ್ಟಬೇಕಾದ ಮಾಲೀಕನಿಗೆ ಅದು ಬರಿಯ ಸಾಲ. ಗಣಿಗಾರಿಕೆ ಮುಂದೆ ಮಿತಿಗೊಳಪಟ್ಟು ಮತ್ತೆ ಆರಂಭವಾಯಿತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ವಾಹನ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಐನೂರು ವರ್ಷಗಳ ಹಿಂದೆ ಆನೆಗೊಂದಿಯ ಕಡೆಗೆ ಹೊಳೆ ದಾಟುವ ಈ ದುಂಡು ದೋಣಿಗಳನ್ನು ಕಂಡ ಪಾಯೆಸ್, ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಬೆರಗುಪಟ್ಟಿದ್ದಾನೆ. ಅವು ಇಂದಿಗೂ ಹಾಗೆಯೇ ಸುತ್ತುತ್ತವೆ. ತುಂಗಭದ್ರೆಯ ಒಡಲೆಲ್ಲ ಬಂಡೆ. ತಳವಿರುವ ನಾವೆ ಅಲ್ಲಿ ಒಡೆಯುತ್ತದೆ. ಬುಟ್ಟಿ ಬಂಡೆಗೆ ತಾಗಿ ಬಳುಕಿ ಪಕ್ಕಕ್ಕೆ ಸರಿಯುತ್ತದೆ. ಹೊಳೆಯೇ ಕಲಿಸಿದ ವಿನ್ಯಾಸವಿದು.

ಹರಿಗೋಲಿಗೆ ಎದುರಾಳಿ ಸೇತುವೆ. ಆನೆಗೊಂದಿಗೆ ವಾಹನಗಳು ಹೋಗಲೆಂದು ಸೇತುವೆ ಕಟ್ಟಲು ತೊಡಗಿದ್ದರಿಂದಲೇ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. 2009ರಲ್ಲಿ ಮುಗಿಯುವ ಮೊದಲೇ ಸೇತುವೆ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಸ್ಮಾರಕ ದೊಡ್ಡದೋ, ಆಸ್ಪತ್ರೆಗೆ ಹೋಗಬೇಕಾದ ಬಾಣಂತಿ ದೊಡ್ಡವಳೋ ಎಂದು ಹೊಳೆಯಾಚೆಯವರು ಕೇಳಿದರೆ, ಈಚೆಯ ದಡದ ನಾನು ಸುಲಭವಾಗಿ ಉತ್ತರಿಸಲಾರೆ. ಅವರಿಗೆ ಸೇತುವೆ ಬೇಕು. ಎಲ್ಲಿ, ಹೇಗೆ ಎಂಬುದಷ್ಟೇ ಚರ್ಚೆ. ಕಂಪ್ಲಿಯಲ್ಲಿ ಸೇತುವೆಯಿದ್ದೂ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಅದು ಮುಳುಗಿ, ಗಂಗಾವತಿಗೆ ಹೋಗುವವರು ಸುತ್ತಿ ಬಳಸಿ ಹೋಗುತ್ತಾರೆ.

ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಇದೇ ಊರಿನ ಸಾರಿಗೆಗೂ ಒಂದು ನಂಟುಂಟು. ಬ್ರಿಟಿಷ್ ಅಧಿಕಾರಿಗಳು ಮೊದಲು ಶಿಲ್ಪಗಳನ್ನು ಕೂಡಿಹಾಕಿದ್ದು ಆನೆಯ ಲಾಯದಲ್ಲಿಯೇ. ಅಲ್ಲಿಂದ 1972ರಲ್ಲಿ ಈಗಿನ ಕಟ್ಟಡಕ್ಕೆ ಬಂದವು. ವೀರಭದ್ರ, ಭೈರವರ ಮೂರ್ತಿಗಳು, ನಾಣ್ಯ, ತಾಮ್ರಶಾಸನ, ವೀರಗಲ್ಲು, ಉತ್ಖನನದಲ್ಲಿ ಸಿಕ್ಕ ಚೀನಾದ ಪಿಂಗಾಣಿ ಎಲ್ಲವೂ ಅಲ್ಲಿವೆ. ಅಂಗಳದಲ್ಲಿ ಹಂಪೆಯ ಕಣಿವೆಯ ಮಾದರಿಯಿದೆ. ಬೆಟ್ಟ, ಹೊಳೆ, ಗುಡಿಗಳನ್ನು ಒಂದೇ ನೋಟಕ್ಕೆ ತೋರುವ ಅದನ್ನು ಮೊದಲು ನೋಡಿ ಆಮೇಲೆ ಊರು ಸುತ್ತುವುದು ಲೇಸು. ವಿಠ್ಠಲ ದೇವಾಲಯಕ್ಕೆ ಹೋಗುವವರು ಗೆಜ್ಜಲ ಮಂಟಪದ ಬಳಿ ತಮ್ಮ ಕಾರನ್ನು ಬಿಡಬೇಕು. ಅಲ್ಲಿಂದ ಮುಂದೆ ಬ್ಯಾಟರಿ ಗಾಡಿಗಳು. ಅವುಗಳನ್ನು ನಡೆಸುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಕಾಲಿನಲ್ಲಿ ಕಸುವಿರುವವರು ನಡೆದೇ ಹೋಗಲಿ. ಹರಿಗೋಲನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಬೇಸಗೆಯಲ್ಲಿ ಹೊಳೆಯ ದಡಕ್ಕೆ ಇಳಿಯಿರಿ. ಬಂಡೆಗಳ ಮೇಲೆ ಬೋರಲು ಹಾಕಿ ಒಣಗಲು ಬಿಟ್ಟಿರುತ್ತಾರೆ; ಬಿದಿರ ಸೀಳುಗಳನ್ನು ಹೇಗೆ ಹೆಣೆದಿದ್ದಾರೆಂದು ಕೇಳಿದರೆ ಅಂಬಿಗರು ತೋರಿಸುತ್ತಾರೆ.