ಲಾರಿ ಬ್ಲೋವರ್ ಕೈಕೊಟ್ಟಿದೆಯೇ? ಹೊಸ ಮೋಟರ್ ತರುವ ಮೊದಲು ಇಷ್ಟು ನೋಡಿ

ದಾಂಡೇಲಿ: ಮಳೆ ಹಿಡಿದ ಮೇಲೆ ಅಣಶಿ, ಅನಮೋಡ, ಅರಬೈಲ್ ಘಟ್ಟಗಳಲ್ಲಿ ಲಾರಿ ಓಡಿಸುವವರಿಗೆ ವೈಪರ್ ಎಷ್ಟು ಮುಖ್ಯವೋ ಬ್ಲೋವರ್ ಕೂಡ ಅಷ್ಟೇ ಮುಖ್ಯ. ಗಾಜಿನ ಹೊರಗಿನ ನೀರನ್ನು ವೈಪರ್ ಒರೆಸುತ್ತದೆ, ಒಳಗಿನ ಮಬ್ಬು ತೆಗೆಯೋದು ಬ್ಲೋವರ್. ಅದು ನಿಂತರೆ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ತಿರುವು ದಾಟಬೇಕಾಗುತ್ತದೆ.

ಚಳಿಗಾಲದಲ್ಲೂ ಈ ತೊಂದರೆ ತಪ್ಪಿದ್ದಲ್ಲ. ಹಳಿಯಾಳಕ್ಕೆ ಕಬ್ಬು, ದಾಂಡೇಲಿಯ ಪೇಪರ್ ಮಿಲ್ಲಿಗೆ ಕಟ್ಟಿಗೆ, ಮುಂಡಗೋಡ, ಜೋಯಿಡಾ ಅಂಗಡಿಗಳಿಗೆ ಕಿರಾಣಿ ತರುವ ಗಾಡಿಗಳು ಬೆಳಗಿನ ಜಾವದ ಮಂಜಿನಲ್ಲೇ ಓಡಬೇಕು. ಕ್ಯಾಬಿನ್ ಒಳಗಿನವರ ಉಸಿರು, ಒದ್ದೆ ರೇನ್‌ಕೋಟಿನ ತೇವ ತಣ್ಣಗಿನ ಗಾಜಿಗೆ ತಾಗಿ ನೀರಾಗುತ್ತದೆ. ಎಂಜಿನ್ನಿನ ಬಿಸಿ ನೀರು ಹರಿಯುವ ಹೀಟರ್ ಮೂಲಕ ಬ್ಲೋವರ್ ಗಾಳಿ ನೂಕಿದಾಗ ಗಾಜು ಬೆಚ್ಚಗಾಗಿ ಮಬ್ಬು ಆರುತ್ತದೆ.

ಬ್ಲೋವರ್ ನಿಂತ ಕೂಡಲೇ 'ಮೋಟರ್ ಸುಟ್ಟಿದೆ' ಎಂದು ಹೊಸದು ಹಾಕಿಸುವವರು ಬಹಳ. ಆದರೆ ಕೆಟ್ಟಿರುವುದು ಸಣ್ಣ ಫ್ಯೂಸೋ, ಸಡಿಲವಾದ ವೈರೋ ಆಗಿರಬಹುದು. ಕಡಿಮೆ ಖರ್ಚಿನದ್ದನ್ನು ಮೊದಲು, ಮೋಟರನ್ನು ಕೊನೆಗೆ ನೋಡಿದರೆ ದುಡ್ಡೂ ಉಳಿಯುತ್ತದೆ, ಗಾಡಿ ನಿಲ್ಲುವ ದಿನವೂ ಉಳಿಯುತ್ತದೆ.

ಲಕ್ಷಣ ನೋಡಿ, ರೋಗ ಹಿಡಿಯಿರಿ

ಯಾವ ಸ್ಪೀಡಿನಲ್ಲೂ ತಿರುಗದಿದ್ದರೆ: ಮೊದಲು ಫ್ಯೂಸ್ ನೋಡಿ, ನಂತರ ರಿಲೇ. ಅದೇ ನಂಬರಿನ ಇನ್ನೊಂದು ರಿಲೇ ಗಾಡಿಯಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಆಮೇಲೆ ಸ್ವಿಚ್ ಮತ್ತು ಅರ್ಥ್ ವೈರ್. ಮಳೆನಾಡಿನಲ್ಲಿ ಅರ್ಥ್ ಬೋಲ್ಟ್ ತುಕ್ಕು ಹಿಡಿಯುವುದು ಸಾಮಾನ್ಯ. ಉಜ್ಜಿ ಬಿಗಿ ಮಾಡಿದರೆ ಕೆಲಸ ಆದೀತು.

ಫುಲ್ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ: ಇದು ಮೋಟರಿನ ತಪ್ಪಲ್ಲ. ವೇಗ ಕಡಿಮೆ ಮಾಡುವ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಫುಲ್ ಸ್ಪೀಡಿನಲ್ಲಿ ಕರೆಂಟ್ ರೆಸಿಸ್ಟರ್ ದಾಟದೆ ನೇರ ಮೋಟರಿಗೆ ಹೋಗುವುದರಿಂದ ಅದೊಂದು ಉಳಿದುಕೊಂಡಿರುತ್ತದೆ.

ಮೆಲ್ಲಗೆ ತಟ್ಟಿದರೆ ಶುರುವಾಗಿ ಮತ್ತೆ ನಿಂತರೆ: ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಬ್ರಷ್ ಬದಲಾಯಿಸಲು ಬರುವ ಮೋಟರ್ ಆದರೆ ಅಷ್ಟನ್ನೇ ಹಾಕಿಸಬಹುದು.

ಕಿರಗುಟ್ಟಿದರೆ, ಕಟಕಟ ಸದ್ದು ಬಂದರೆ: ಫ್ಯಾನಿಗೆ ಎಲೆ, ಕಸ ಸಿಕ್ಕಿರಬಹುದು, ಇಲ್ಲವೇ ಬುಷ್ ಸವೆದಿರಬಹುದು. ಕಾಡಿನ ಮರಗಳ ಕೆಳಗೆ, ಗೋದಾಮಿನ ಪಕ್ಕ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇಲಿ ಗೂಡು ಕಟ್ಟುವುದೂ ಉಂಟು.

ಗಾಳಿ ಬಂದರೂ ಬಿಸಿ ಇಲ್ಲದಿದ್ದರೆ: ಮೋಟರ್ ಮುಟ್ಟಬೇಡಿ. ಕೂಲಂಟ್ ಕಮ್ಮಿಯಾಗಿದೆಯೇ, ಹೀಟರ್ ವಾಲ್ವ್ ತೆರೆಯುತ್ತಿದೆಯೇ, ಥರ್ಮೋಸ್ಟಾಟ್ ಸರಿ ಇದೆಯೇ ನೋಡಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಗಾಜಿನ ಮೇಲೆ ಜಿಡ್ಡಿನಂಥ ಮಬ್ಬು, ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ ಇದ್ದರೆ ಹೀಟರ್ ಒಳಗೇ ಕೂಲಂಟ್ ಸೋರುತ್ತಿರಬಹುದು.

ಮೋಟರೇ ಹೋಗಿದೆ ಅಂತ ಖಾತ್ರಿ ಹೇಗೆ?

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಪಿಕಪ್‌ಗಳಲ್ಲಿ 12 ವೋಲ್ಟ್ ಇರುತ್ತದೆ. ಸ್ವಿಚ್ಚನ್ನು ಫುಲ್ ಸ್ಪೀಡಿಗೆ ಇಟ್ಟು, ಕನೆಕ್ಟರ್ ಮೋಟರಿಗೆ ಸಿಕ್ಕಿಸಿದಂತೆಯೇ ಇರುವಾಗ ಅದರ ಎರಡು ವೈರ್ ನಡುವೆ ಮೀಟರ್ ಹಿಡಿಯಬೇಕು. ಪೂರ್ತಿ ವೋಲ್ಟ್ ಬರುತ್ತಿದ್ದರೂ ಮೋಟರ್ ತಿರುಗದಿದ್ದರೆ, ಫ್ಯಾನಿಗೆ ಏನೂ ಸಿಕ್ಕಿಕೊಂಡಿಲ್ಲದಿದ್ದರೆ, ದೋಷ ಮೋಟರಿನದ್ದೇ. ಕನೆಕ್ಟರ್ ಬಿಚ್ಚಿದಾಗ 24 ತೋರಿಸಿ, ಸಿಕ್ಕಿಸಿದ ಕೂಡಲೇ ಬಿದ್ದುಹೋದರೆ ಎಲ್ಲೋ ವೈರ್ ಸಡಿಲ ಇದೆ, ಇಲ್ಲವೇ ತುಕ್ಕು ಹಿಡಿದಿದೆ, ಅಥವಾ ಮೋಟರ್ ಜಾಮ್ ಆಗಿ ಕರೆಂಟ್ ಹೆಚ್ಚು ಎಳೆಯುತ್ತಿದೆ.

ಹೊಸ ಮೋಟರ್ ಕೊಳ್ಳುವಾಗ ವೋಲ್ಟ್ ನೋಡಿಯೇ ತನ್ನಿ. 12 ವೋಲ್ಟಿನದ್ದನ್ನು 24ಕ್ಕೆ ಹಾಕಿದರೆ ಸುಡುತ್ತದೆ. ಹಾಕಿದ ಮೇಲೆ ಸದ್ದು ಜೋರು, ಗಾಳಿ ಮಾತ್ರ ಕಮ್ಮಿ ಅನ್ನಿಸಿದರೆ ಎರಡು ವೈರ್ ತಿರುವುಮುರುವಾಗಿ ಫ್ಯಾನ್ ಉಲ್ಟಾ ತಿರುಗುತ್ತಿರಬಹುದು.

ಫ್ಯೂಸ್ ಜಾಗಕ್ಕೆ ತಂತಿ ಬೇಡ

ಅತಿ ಅಪಾಯದ ಕೆಲಸ ಇದು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ ಎಂದು ದೊಡ್ಡ ಫ್ಯೂಸ್ ಅಥವಾ ತಾಮ್ರದ ತಂತಿ ಸುತ್ತಿದರೆ, ಮುಂದೆ ಸುಡುವುದು ಡ್ಯಾಶ್‌ಬೋರ್ಡ್ ಒಳಗಿನ ವೈರಿಂಗ್. ಬೆಂಕಿ ಚಾಲಕನ ಮೊಣಕಾಲಿನ ಹತ್ತಿರವೇ ಹೊತ್ತಿಕೊಳ್ಳುತ್ತದೆ. ಫ್ಯೂಸ್ ಹೋಗುತ್ತಿದೆ ಅಂದರೆ ಎಲ್ಲೋ ವೈರ್ ಶಾರ್ಟ್ ಆಗಿದೆ, ಇಲ್ಲವೇ ಮೋಟರ್ ಬಿಗಿಯಾಗಿದೆ ಎಂದರ್ಥ.

ರೆಸಿಸ್ಟರ್ ಕೂಡ ಹಾಗೇ. ಅದನ್ನು ತಣ್ಣಗಿಡುವುದು ಬ್ಲೋವರಿನ ಗಾಳಿಯೇ. ಗಾಳಿಯ ದಾರಿಯಲ್ಲಿ ಕಸ ಕಟ್ಟಿದ್ದರೆ ಅಥವಾ ಮೋಟರ್ ಬಿಗಿಯಾಗಿದ್ದರೆ ಹೊಸ ರೆಸಿಸ್ಟರೂ ಸುಡುತ್ತದೆ. ಎರಡನೇ ಸಲ ಸುಟ್ಟರೆ ಮೋಟರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಅಳೆಸಿ. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿ ವೈರ್ ಬಿಚ್ಚುವುದು ಮರೆಯಬೇಡಿ. ವೋಲ್ಟ್ ಅಳೆಯುವಾಗ ಮಾತ್ರ ಜೋಡಿಸಿದರೆ ಸಾಕು.

ದಾರಿಯಲ್ಲೇ ಕೆಟ್ಟರೆ

ಗಾಳಿಯ ಲಿವರನ್ನು ಹೊರಗಿನ ಗಾಳಿಗೆ ತಿರುಗಿಸಿ. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಮಬ್ಬು ಹೆಚ್ಚುತ್ತದೆ. ಎರಡೂ ಬದಿಯ ಕಿಟಕಿ ಬೆರಳಷ್ಟು ಇಳಿಸಿ, ಒದ್ದೆ ಗೋಣಿ, ರೇನ್‌ಕೋಟ್ ಕ್ಯಾಬಿನ್ನಿನಿಂದ ತೆಗೆಯಿರಿ. ಆದರೂ ಕಾಣದಿದ್ದರೆ ಘಟ್ಟ ಹತ್ತುವ ಮೊದಲೇ ಅಗಲವಾದ ಜಾಗ ನೋಡಿ, ಹಜಾರ್ಡ್ ಲೈಟ್ ಹಾಕಿ ನಿಲ್ಲಿಸಿ.

ಹೊಸದಾಗಿ ತಯಾರಾಗುವ, 3.5 ಟನ್ ಮೀರಿದ ಸರಕು ವಾಹನಗಳ ಕ್ಯಾಬಿನ್ನಿಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಎಸಿ ಗಾಳಿ ನೂಕುವುದೂ ಬ್ಲೋವರೇ ಆದ್ದರಿಂದ ಮುಂದೆ ನಮ್ಮ ಗ್ಯಾರೇಜುಗಳಿಗೆ ಈ ಕೆಲಸ ಹೆಚ್ಚೇ ಬರಲಿದೆ. ಹಳೆ ಗಾಡಿಯವರು ಮಳೆಗಾಲಕ್ಕೆ ವೈಪರ್ ರಬ್ಬರ್ ಬದಲಿಸುವ ದಿನವೇ ಬ್ಲೋವರಿನ ಎಲ್ಲ ಸ್ಪೀಡ್ ಹಾಕಿ ನೋಡಿದರೆ ಘಟ್ಟದ ನಡುವೆ ಬಟ್ಟೆ ಹುಡುಕುವ ಪಾಡು ತಪ್ಪುತ್ತದೆ.