ಬೀದರಿನ ಸಿಖ್ ವಿದ್ಯಾರ್ಥಿಗಳ ಹತ್ಯೆ (1988) ಮತ್ತು ಸಾರ್ವಜನಿಕ ಪ್ರತಿಕ್ರಿಯೆಯ ಸ್ವರೂಪ

ಒಂದು ಸಮುದಾಯದ ಮೇಲೆ ದ್ವೇಷಪ್ರೇರಿತ ಹಿಂಸೆ ನಡೆದಾಗ ಸಮಾಜವು ತೋರುವ ಪ್ರತಿಕ್ರಿಯೆಯನ್ನು ಸಾಮಾನ್ಯವಾಗಿ ಶೋಕ, ಖಂಡನೆ, ಪರಿಹಾರಗಳ ಮಾನದಿಂದ ಅಳೆಯಲಾಗುತ್ತದೆ. ಇವು ಅಗತ್ಯವಾದವು; ಆದರೆ ಸಾಲವು. ನಡೆದ ಕೃತ್ಯವನ್ನು ಸಮಾಜವು ಯಾವ ಹೆಸರಿನಿಂದ ಕರೆಯಿತು, ಆ ಹೆಸರನ್ನು ಯಾವ ದಾಖಲೆಯಲ್ಲಿ ಉಳಿಸಿತು ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. 1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ನಡೆದ ಸಿಖ್ ವಿದ್ಯಾರ್ಥಿಗಳ ಹತ್ಯೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೀದರ್ ಮತ್ತು ಸಿಖ್ ಪರಂಪರೆ

ಬೀದರಿಗೆ ಸಿಖ್ ಧರ್ಮವು ಹೊರಗಿನದಲ್ಲ. ಗುರುನಾನಕರು ತಮ್ಮ ದಕ್ಷಿಣದ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದೂ, ಅವರ ಪಾದಸ್ಪರ್ಶದಿಂದ ಸಿಹಿನೀರಿನ ಸೆಲೆ ಹೊಮ್ಮಿತೆಂದೂ ಐತಿಹ್ಯವಿದೆ. ಆ ಸೆಲೆಯ ಬಳಿಯಲ್ಲಿಯೇ ನಾನಕ್ ಝೀರಾ ಗುರುದ್ವಾರವಿದೆ. 1699ರಲ್ಲಿ ಗುರು ಗೋವಿಂದಸಿಂಗರು ಆನಂದಪುರದಲ್ಲಿ ಖಾಲ್ಸಾ ಸ್ಥಾಪಿಸಿದಾಗ ಶಿರವನ್ನರ್ಪಿಸಲು ಮುಂದೆ ಬಂದ ಪಂಚಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್‌ಸಿಂಗರು ಬೀದರಿನ ಕ್ಷೌರಿಕ ಕುಟುಂಬದವರೆಂದು ಸಿಖ್ ಪರಂಪರೆ ಹೇಳುತ್ತದೆ. ಸಮೀಪದ ಜನವಾಡ ಗ್ರಾಮವು ಮಾಯಿ ಭಾಗೋ ಅವರ ತಪೋಭೂಮಿಯೆಂದು ಗೌರವಿಸಲ್ಪಡುತ್ತದೆ. 1708ರಲ್ಲಿ ಗುರು ಗೋವಿಂದಸಿಂಗರು ದೇಹವಿಟ್ಟ ನಾಂದೇಡ್, ಬೀದರಿನಂತೆಯೇ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು.

ಇದೇ ಜಿಲ್ಲೆ ಬಸವಕಲ್ಯಾಣದ ಶರಣರ ನೆಲ. ಅಷ್ಟೂರಿನ ಅಹ್ಮದ್ ಶಹಾ ವಲಿಯನ್ನು ಅಲ್ಲಮಪ್ರಭುವಿನ ಸ್ವರೂಪವೆಂದು ಭಾವಿಸಿ ನಡೆದುಕೊಳ್ಳುವ ಭಕ್ತರೂ ಇಲ್ಲಿದ್ದಾರೆ. ಆದುದರಿಂದ ಬೀದರನ್ನು ಸೌಹಾರ್ದದ ಸಂಗಮವೆಂದು ವರ್ಣಿಸುವುದು ರೂಢಿಯಾಗಿದೆ. ಈ ವರ್ಣನೆ ಸುಳ್ಳಲ್ಲ. ಆದರೆ 1988ನ್ನು ಬಿಟ್ಟು ಅದನ್ನು ಹೇಳುವುದು ಅಪೂರ್ಣ.

ಘಟನೆ ಮತ್ತು ಅದರ ಹಿನ್ನೆಲೆ

1980ರಲ್ಲಿ ಬೀದರಿನಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಉತ್ತರ ಭಾರತದಿಂದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಕರ್ನಾಟಕಕ್ಕೆ ಬರುತ್ತಿದ್ದ ಕಾಲವದು. ಡೊನೇಷನ್ ಹಾವಳಿಯ ವಿರುದ್ಧದ ಅಸಮಾಧಾನದ ಫಲವಾಗಿ 1984ರಲ್ಲಿ ರಾಜ್ಯವು ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯನ್ನು ತಂದಿತ್ತು. ಅದೇ ವರ್ಷದ ಜೂನ್‌ನಲ್ಲಿ ನಡೆದ ಅಮೃತಸರದ ಸೈನಿಕ ಕಾರ್ಯಾಚರಣೆ ಹಾಗೂ ಅಕ್ಟೋಬರ್ 31ರ ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ ಪೇಟ ಧರಿಸಿದ ಯುವಕನನ್ನು ಸಂಶಯದಿಂದ ನೋಡುವ ಮನೋಭಾವ ದೇಶದ ಅನೇಕ ಭಾಗಗಳಿಗೆ ಹರಡಿತ್ತು.

1988ರ ಸೆಪ್ಟೆಂಬರ್ ಮಧ್ಯಭಾಗದಲ್ಲಿ, ಗಣೇಶೋತ್ಸವದ ಚಂದಾ ವಸೂಲಿಗೆ ಸಂಬಂಧಿಸಿ ಹುಟ್ಟಿದ ಜಗಳವು ಸಿಖ್ ವಿದ್ಯಾರ್ಥಿಗಳ ಮೇಲಿನ ಗುಂಪುದಾಳಿಯಾಗಿ ಬೆಳೆಯಿತೆಂದು ವರದಿಯಾಯಿತು. ಕನಿಷ್ಠ ಆರು ಮಂದಿ ಸಿಖ್ ವಿದ್ಯಾರ್ಥಿಗಳು ಹತರಾದರು. ಆಗ ಎಸ್. ಆರ್. ಬೊಮ್ಮಾಯಿಯವರ ಸರ್ಕಾರ ಅಧಿಕಾರಕ್ಕೆ ಬಂದು ಒಂದು ತಿಂಗಳಷ್ಟೇ ಕಳೆದಿತ್ತು.

ಹೆಸರಿಡುವಿಕೆಯ ಸಮಸ್ಯೆ

ಈ ಘಟನೆಯನ್ನು ವಿವರಿಸುವ ಪದಗಳು ಎರಡು ಬಗೆಯವು. ವಿದ್ಯಾರ್ಥಿ ಘರ್ಷಣೆ, ಚಂದಾ ಜಗಳ, ಸ್ಥಳೀಯರು ಮತ್ತು ಹೊರಗಿನವರ ನಡುವಿನ ತಿಕ್ಕಾಟ ಎಂಬವು ಒಂದು ಬಗೆ; ಸಿಖ್ಖರೆಂಬ ಕಾರಣಕ್ಕೆ ನಡೆದ ಹತ್ಯೆ ಎಂಬುದು ಇನ್ನೊಂದು. ಮೊದಲನೆಯವು ಜಗಳದ ಆರಂಭವನ್ನು ಹೇಳುತ್ತವೆ, ಅಂತ್ಯವನ್ನು ವಿವರಿಸುವುದಿಲ್ಲ. ಜಗಳವಾಡಿದವನನ್ನು ಹುಡುಕುವುದು ಒಂದು. ಪೇಟ ಕಂಡಲ್ಲಿ ಹೊಡೆಯುವುದು ಬೇರೊಂದು. ಎರಡನೆಯದರಲ್ಲಿ ವ್ಯಕ್ತಿ ಮರೆಯಾಗಿ ಅವನ ಗುರುತು ಮಾತ್ರ ಗುರಿಯಾಗುತ್ತದೆ. ಹೊರಗಿನವರು ಎಂಬ ಪದವಂತೂ ಭಾಯಿ ಸಾಹಿಬ್‌ಸಿಂಗರ ಊರಿನಲ್ಲಿ ವಿಶೇಷವಾಗಿ ವಿಚಾರಾರ್ಹ.

ಬೇರೆ ಕಡೆಯ ನಿದರ್ಶನಗಳೂ ಇದನ್ನೇ ತೋರಿಸುತ್ತವೆ. 1984ರ ನವೆಂಬರ್ ಮೊದಲ ದಿನಗಳ ದೆಹಲಿ ಹಿಂಸೆಯನ್ನು ಜನರ ಸಹಜ ಆಕ್ರೋಶವೆಂದು ವಿವರಿಸುವ ಪ್ರಯತ್ನ ನಡೆಯಿತು. ಅದೇ ತಿಂಗಳಲ್ಲಿ ಪಿಯುಡಿಆರ್ ಮತ್ತು ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಗಳು ಸಂತ್ರಸ್ತರ ಹೇಳಿಕೆಗಳನ್ನು ಸಂಗ್ರಹಿಸಿ, ಅದು ಸಂಘಟಿತ ಕೃತ್ಯವೆಂದು ವರದಿ ಪ್ರಕಟಿಸಿದವು. ದೆಹಲಿಯಲ್ಲಿ ಸತ್ತವರು 2,733 ಮಂದಿ ಎಂಬ ಅಧಿಕೃತ ಲೆಕ್ಕ ಹೊರಬಂದದ್ದು 1987ರಲ್ಲಿ. ನಾನಾವತಿ ಆಯೋಗದ ವರದಿ ಸಂಸತ್ತಿಗೆ ಬಂದ ಬಳಿಕ, 2005ರ ಆಗಸ್ಟ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಕ್ಷಮೆ ಕೋರಿದರು. 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟು ಸಜ್ಜನ್ ಕುಮಾರರಿಗೆ ಜೀವಾವಧಿ ಶಿಕ್ಷೆ ವಿಧಿಸುವಾಗ, ಮಾನವತೆಯ ವಿರುದ್ಧದ ಅಪರಾಧ ಮತ್ತು ನರಮೇಧಗಳು ನಮ್ಮ ಅಪರಾಧ ಕಾನೂನಿನಲ್ಲಿ ಸೇರದಿರುವುದನ್ನು ಲೋಪವೆಂದು ಗುರುತಿಸಿತು. ಮೂವತ್ತನಾಲ್ಕು ವರ್ಷಗಳ ನಂತರವೂ ನ್ಯಾಯಾಲಯದ ಮುಂದಿದ್ದ ಪ್ರಶ್ನೆಗಳಲ್ಲೊಂದು ಹೆಸರಿನದೇ ಆಗಿತ್ತು.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾ ನಗರದಲ್ಲಿ ಬಲಬೀರ್‌ಸಿಂಗ್ ಸೋಧಿಯವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅವರನ್ನು ಅರಬನೆಂದು ತಪ್ಪಾಗಿ ತಿಳಿದು ಕೊಲ್ಲಲಾಯಿತೆಂಬ ವಿವರಣೆ ವ್ಯಾಪಕವಾಗಿ ಕೇಳಿಬಂದಿತು. ಅನುಕಂಪದ ಈ ಮಾತಿನಲ್ಲಿಯೂ ಒಂದು ದೋಷವಿದೆ: ಗುರುತು ತಪ್ಪದಿದ್ದರೆ ಕೊಲೆ ಅಷ್ಟು ಘೋರವಲ್ಲವೆಂಬ ಸೂಚನೆಯನ್ನು ಅದು ತಿಳಿಯದೆಯೇ ಒಳಗೊಳ್ಳುತ್ತದೆ.

ಶೋಕದಿಂದ ದಾಖಲೆಯವರೆಗೆ

2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಶ್ವೇತವರ್ಣ ಶ್ರೇಷ್ಠತಾವಾದಿಯೊಬ್ಬ ಆರು ಮಂದಿಯನ್ನು ಕೊಂದ; ಗಾಯಗೊಂಡಿದ್ದ ಏಳನೆಯವರು 2020ರಲ್ಲಿ ತೀರಿಕೊಂಡರು. ರಾಷ್ಟ್ರಧ್ವಜವನ್ನು ಅರ್ಧಕ್ಕೆ ಇಳಿಸಲಾಯಿತು, ದೀಪ ಹಿಡಿದ ಸಭೆಗಳು ನಡೆದವು. ಪ್ರತಿಕ್ರಿಯೆ ಅಲ್ಲಿಗೆ ನಿಲ್ಲಲಿಲ್ಲ. ತಾಯಿಯನ್ನು ಕಳೆದುಕೊಂಡ ಯುವಕನೊಬ್ಬ ಮರುತಿಂಗಳೇ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದು, ಸಿಖ್ಖರ ವಿರುದ್ಧದ ಅಪರಾಧಗಳನ್ನು ಪ್ರತ್ಯೇಕವಾಗಿ ಎಣಿಸಬೇಕೆಂದು ಕೋರಿದ. 2015ರಿಂದ ಎಫ್‌ಬಿಐ ತನ್ನ ದ್ವೇಷಾಪರಾಧ ಅಂಕಿಅಂಶಗಳಲ್ಲಿ ಸಿಖ್ಖರಿಗೆ ಪ್ರತ್ಯೇಕ ವರ್ಗವನ್ನು ಸೇರಿಸಿತು. ಶೋಕವು ಒಂದು ನಮೂನೆಯ ಕಾಲಮಾಗಿ ಉಳಿಯಿತು. ಇದರಿಂದ ದ್ವೇಷ ನಿಲ್ಲಲಿಲ್ಲ. ಅದನ್ನು ಅಲ್ಲಗಳೆಯುವುದು ಮಾತ್ರ ಕಠಿಣವಾಯಿತು.

ಭಾರತದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೆಯ ಕಲಮು, ಐವರು ಅಥವಾ ಹೆಚ್ಚು ಮಂದಿ ಸೇರಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಮುಂತಾದ ಕಾರಣಗಳಿಂದ ನಡೆಸುವ ಕೊಲೆಯನ್ನು ವಿಶೇಷವಾಗಿ ಗುರುತಿಸುತ್ತದೆ. ಬೀದರಿನಲ್ಲಿ ಪಂಜಾಬಿನವನು ಎಂಬ ಗುರುತೂ ಸಿಖ್ಖನು ಎಂಬ ಗುರುತೂ ಒಂದರೊಳಗೊಂದು ಬೆರೆತಿದ್ದವು. ಈ ಕಲಮಿನ ಭಾಷೆಯಲ್ಲಿ ನೋಡಿದರೆ, ಪ್ರಾದೇಶಿಕ ಅಸಮಾಧಾನವೆಂಬ ವಿವರಣೆಯು ದ್ವೇಷದ ಅಂಶವನ್ನು ತೆಗೆದುಹಾಕುವುದಿಲ್ಲ. ಆದರೆ ಈ ಕಾನೂನು ಹಿಂದಿನ ಕೃತ್ಯಗಳಿಗೆ ಅನ್ವಯಿಸುವುದಿಲ್ಲ. 1988ರ ಮಟ್ಟಿಗೆ ಉಳಿದಿರುವುದು ಚರಿತ್ರೆಯ ಕೆಲಸ.

ಉಪಸಂಹಾರ

ಒಟ್ಟಿನಲ್ಲಿ, ಸಾರ್ವಜನಿಕ ಪ್ರತಿಕ್ರಿಯೆಯು ಶೋಕದಲ್ಲಿ ಹುಟ್ಟಿ, ಸರಿಯಾದ ಹೆಸರಿನಲ್ಲಿ ಸ್ಪಷ್ಟಗೊಂಡು, ದಾಖಲೆಯಲ್ಲಿ ನೆಲೆನಿಲ್ಲುತ್ತದೆ. ದೆಹಲಿಯ ವಿಷಯದಲ್ಲಿ ನಾಗರಿಕರು ತಿಂಗಳೊಳಗೆ ಮಾಡಿದ ಕೆಲಸವನ್ನು ಬೀದರಿನ ವಿಷಯದಲ್ಲಿ ಕನ್ನಡ ವಿದ್ವತ್ತು ಈಗಲಾದರೂ ಕೈಗೆತ್ತಿಕೊಳ್ಳಬೇಕಾಗಿದೆ. ಅಂದಿನ ಪತ್ರಿಕೆಗಳು, ನ್ಯಾಯಾಲಯ ಮತ್ತು ವಿಧಾನಮಂಡಲದ ಕಡತಗಳು ಹಾಗೂ ಬದುಕಿರುವ ಸಾಕ್ಷಿಗಳ ನೆನಪುಗಳು ಇದಕ್ಕೆ ಆಕರಗಳು. ಆ ವರ್ಷದ ವಿದ್ಯಾರ್ಥಿಗಳು ಈಗ ಅರವತ್ತರ ಅಂಚಿನಲ್ಲಿರುವುದರಿಂದ ಕಾಲಾವಕಾಶ ಹೆಚ್ಚಿಲ್ಲ. ಝೀರಾದ ಸಿಹಿನೀರಿನ ಕಥೆಯ ಪಕ್ಕದಲ್ಲಿ ಈ ಆರು ಸಾವುಗಳ ಕಥೆಗೂ ಸ್ಥಳ ದೊರೆತಾಗ ಮಾತ್ರ ಬೀದರಿನ ಸೌಹಾರ್ದದ ಚರಿತ್ರೆ ನಂಬಲರ್ಹವಾಗುತ್ತದೆ.